ತಂಪು ಕಡಲಿನ ಚಿಪ್ಪುಜೀವಿಗಳ ಜೀನೋಮ್‌ನಲ್ಲಿ ಪುನರಾವರ್ತಿತ ಡಿಎನ್‌ಎ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೋ ಜೀವಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿ ಮುಗಿಯಿತು ಎಂಬ ಸುದ್ದಿ ಬಂದರೆ ಎಲ್ಲರೂ ಮೊದಲು ಕೇಳುವುದು ಅದರಲ್ಲಿ ಎಷ್ಟು ವಂಶವಾಹಿಗಳಿವೆ ಎಂದು. ಉಳಿದ ಭಾಗದ ಕಥೆಯೇನು ಎಂದು ಕೇಳುವವರು ಕಡಿಮೆ. ಕಡಲ ಚಿಪ್ಪುಜೀವಿಗಳ ವಿಷಯದಲ್ಲಂತೂ ಆ ಉಳಿದ ಭಾಗವನ್ನು ಬದಿಗಿಟ್ಟರೆ ಕಥೆಯ ಜೀವಾಳವೇ ಕೈತಪ್ಪುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಆ ಭಾಗದ ಬಗ್ಗೆಯೇ.

‘ತಂಪು ಕಡಲಿನ ಚಿಪ್ಪುಜೀವಿಗಳು’ ಎಂದರೆ ಯಾವುವು?

ಮುಖ್ಯವಾಗಿ ಎರಡು ಚಿಪ್ಪಿನ ಮೃದ್ವಂಗಿಗಳು: ಕ್ಲ್ಯಾಮ್, ಮಸೆಲ್, ಸಿಂಪಿ, ಸ್ಕ್ಯಾಲಪ್. ನಮ್ಮ ಕರಾವಳಿಯವರಿಗೆ ಮರುವಾಯಿ, ಬಳಚು ಗೊತ್ತು. ಅವುಗಳ ಶೀತದೇಶದ ಬಂಧುಗಳು ಇವು. ಅಮೆರಿಕದ ಮೇನ್, ಕೆನಡಾ, ಐಸ್‌ಲ್ಯಾಂಡ್, ಜಪಾನಿನ ಹೊಕ್ಕೈಡೊ ಮುಂತಾದ ಕಡೆಗಳ ಕಡಲಿನಲ್ಲಿ ಇವು ಬದುಕುತ್ತವೆ. ಮಾರುಕಟ್ಟೆಯವರು ಏಡಿ, ಲಾಬ್‌ಸ್ಟರ್‌ಗಳನ್ನೂ ಚಿಪ್ಪುಜೀವಿಗಳ ಜೊತೆಗೇ ಸೇರಿಸುತ್ತಾರೆ. ಅವು ಬೇರೆಯೇ ವಂಶದವು. ಆದರೂ ಹೋಲಿಸಿ ನೋಡಲು ಒಂದೆರಡು ಕಡೆ ಅವುಗಳ ಬಂಧುವಾದ, ಸಿಗಡಿಯಂತೆ ಕಾಣುವ ಕ್ರಿಲ್ ಅನ್ನು ಕರೆತಂದಿದ್ದೇನೆ.

ಪುನರಾವರ್ತಿತ ಡಿಎನ್‌ಎ ಎಂದರೇನು?

ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಬರಹ ಎನ್ನುತ್ತೇವೆ. ಆ ಬರಹದ ಕೆಲವು ಸಾಲುಗಳು ಒಮ್ಮೆ ಮಾತ್ರ ಬರುತ್ತವೆ. ಇನ್ನು ಕೆಲವು ನೂರಾರು, ಸಾವಿರಾರು, ಲಕ್ಷಾಂತರ ಸಲ ಬರುತ್ತವೆ. ಈ ಎರಡನೆಯ ಬಗೆಯೇ ಪುನರಾವರ್ತಿತ ಡಿಎನ್‌ಎ.

1968ರಲ್ಲಿ ರಾಯ್ ಬ್ರಿಟನ್ ಮತ್ತು ಡೇವಿಡ್ ಕೋನ್ ಇದನ್ನು ಬಹಳ ಸರಳವಾದ ಉಪಾಯದಿಂದ ತೋರಿಸಿದರು. ಡಿಎನ್‌ಎಯನ್ನು ಚೂರು ಮಾಡಿ ಬಿಸಿ ಮಾಡಿದರೆ ಅದರ ಎರಡು ಎಳೆಗಳು ಬೇರ್ಪಡುತ್ತವೆ. ಆರಲು ಬಿಟ್ಟರೆ ಪ್ರತಿ ಎಳೆಯೂ ತನ್ನ ಜೋಡಿಯನ್ನು ಹುಡುಕಿ ಮತ್ತೆ ಕೂಡಿಕೊಳ್ಳುತ್ತದೆ. ಒಂದೇ ಪ್ರತಿ ಇರುವ ಚೂರಿಗೆ ಜೋಡಿ ಸಿಗಲು ಬಹಳ ಹೊತ್ತು ಬೇಕು. ಲಕ್ಷ ಪ್ರತಿಗಳಿರುವ ಚೂರಿಗೆ ಕ್ಷಣದಲ್ಲಿ ಸಿಗುತ್ತದೆ. ಕೂಡಿಕೊಳ್ಳುವ ವೇಗ ಅಳೆದೇ ಜೀನೋಮ್‌ನಲ್ಲಿ ಎಷ್ಟು ಪುನರಾವರ್ತನೆ ಇದೆ ಎಂದು ಅಂದಾಜು ಮಾಡಿದರು. ಒಂದೇ ಒಂದು ಅಕ್ಷರವನ್ನೂ ಓದದೆ ಇಷ್ಟು ತಿಳಿದುಕೊಂಡದ್ದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಇದರಲ್ಲಿ ಎಷ್ಟು ಬಗೆಗಳಿವೆ?

ದೊಡ್ಡದಾಗಿ ಎರಡು. ಮೊದಲನೆಯದು ಸಾಲುಗಟ್ಟಿ ನಿಂತ ಪುನರಾವರ್ತನೆ. ಎರಡು-ಮೂರು ಅಕ್ಷರಗಳ ತುಣುಕು ಒಂದರ ಪಕ್ಕ ಒಂದು ಬಂದರೆ ಅದು ಮೈಕ್ರೋಸ್ಯಾಟಲೈಟ್. ನೂರಾರು ಅಕ್ಷರಗಳ ತುಣುಕು ಸಾವಿರಾರು ಸಲ ಸಾಲಾಗಿ ಬಂದರೆ ಅದು ಸ್ಯಾಟಲೈಟ್ ಡಿಎನ್‌ಎ. ಎರಡು ಚಿಪ್ಪಿನ ಜೀವಿಗಳಲ್ಲಿ ಬಿಐವಿ160 ಎಂಬ ಸ್ಯಾಟಲೈಟ್ ಇದೆ. ಅದರ ತುಣುಕಿನ ಉದ್ದ ಸುಮಾರು 160 ಅಕ್ಷರ. ಸ್ಯಾಟಲೈಟ್‌ಗಳು ಸಾಮಾನ್ಯವಾಗಿ ಬೇಗ ಬದಲಾಗಿ ಗುರುತೇ ಸಿಗದಂತಾಗುತ್ತವೆ. ಇದು ಮಾತ್ರ ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದ ವಂಶಗಳಲ್ಲೂ ಉಳಿದುಕೊಂಡಿದೆ.

ಎರಡನೆಯದು ಜೀನೋಮ್ ತುಂಬ ಚದುರಿದ ಪುನರಾವರ್ತನೆ. ಇವು ಜಿಗಿಯುವ ತುಣುಕುಗಳು, ಅಂದರೆ ಟ್ರಾನ್ಸ್‌ಪೋಸಾನ್‌ಗಳು. ಕೆಲವು ಇದ್ದ ಜಾಗದಿಂದ ಕತ್ತರಿಸಿಕೊಂಡು ಬೇರೆಡೆ ಹೋಗಿ ಕೂರುತ್ತವೆ. ರೆಟ್ರೋಟ್ರಾನ್ಸ್‌ಪೋಸಾನ್‌ಗಳ ರೀತಿ ಬೇರೆ: ಮೊದಲು ಆರ್‌ಎನ್‌ಎ ಪ್ರತಿ ತಯಾರಾಗುತ್ತದೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಅದನ್ನು ಮತ್ತೆ ಡಿಎನ್‌ಎಗೆ ತಿರುಗಿಸುತ್ತದೆ, ಆ ಹೊಸ ಪ್ರತಿ ಇನ್ನೊಂದು ಜಾಗದಲ್ಲಿ ಸೇರಿಕೊಳ್ಳುತ್ತದೆ. ಹಳೆಯದು ಇದ್ದಲ್ಲೇ ಇರುತ್ತದೆ, ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ. ಮೆಕ್ಕೆಜೋಳದ ಕಾಳುಗಳ ಬಣ್ಣ ನೋಡುತ್ತಾ 1940ರ ದಶಕದಲ್ಲಿ ಜಿಗಿಯುವ ತುಣುಕುಗಳನ್ನು ಕಂಡುಹಿಡಿದವರು ಬಾರ್ಬರಾ ಮೆಕ್ಲಿಂಟಾಕ್. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಚಿಪ್ಪುಜೀವಿಗಳಲ್ಲಿ ಇದರ ಪಾಲು ಎಷ್ಟು?

ಜೀವಿಯಿಂದ ಜೀವಿಗೆ ತುಂಬ ವ್ಯತ್ಯಾಸವಿದೆ. 2012ರಲ್ಲಿ ಪ್ರಕಟವಾದ ಪೆಸಿಫಿಕ್ ಸಿಂಪಿಯ ಜೀನೋಮ್ ಸುಮಾರು 56 ಕೋಟಿ ಅಕ್ಷರಗಳದ್ದು. ಅದರಲ್ಲಿ ಪುನರಾವರ್ತನೆ ಸುಮಾರು ಶೇ 36. ಕಡಲ ತಳದಲ್ಲಿ ಮೀಥೇನ್ ಒಸರುವ ಕಡೆ ಬದುಕುವ ಬ್ಯಾಥಿಮೊಡಿಯೋಲಸ್ ಪ್ಲಾಟಿಫ್ರಾನ್ಸ್ ಎಂಬ ಮಸೆಲ್‌ನಲ್ಲಿ ಸುಮಾರು ಶೇ 48. ಅಂಟಾರ್ಕ್‌ಟಿಕ್ ಕ್ರಿಲ್ ಅಂತೂ ಈ ಲೆಕ್ಕಗಳನ್ನೆಲ್ಲ ಮೀರಿ ನಿಲ್ಲುತ್ತದೆ. 2023ರಲ್ಲಿ ಪ್ರಕಟವಾದ ಅದರ ಜೀನೋಮ್ ಸುಮಾರು 4,800 ಕೋಟಿ ಅಕ್ಷರಗಳದ್ದು, ಅಂದರೆ ಮನುಷ್ಯನದರ ಹದಿನೈದು ಪಟ್ಟಿಗೂ ಹೆಚ್ಚು; ಅದರಲ್ಲಿ ಶೇ 92ರಷ್ಟು ಪುನರಾವರ್ತಿತ ಡಿಎನ್‌ಎ.

ಈ ಶೇಕಡಾವಾರು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ತೀರ್ಪು ಕೊಡುವ ಮೊದಲು ಓದಿದ ವಿಧಾನ ಯಾವುದು, ವರ್ಷ ಯಾವುದು ಎಂದು ನೋಡಬೇಕು. ಹಳೆಯ ವಿಧಾನಗಳು ಪುನರಾವರ್ತನೆಯನ್ನು ಕಡಿಮೆ ತೋರಿಸುತ್ತಿದ್ದವು.

ನೀರು ತಂಪಾಗಿರುವುದೇ ಇದಕ್ಕೆ ಕಾರಣವೇ?

ಹೌದು ಎಂದು ಹೇಳಲು ಆಧಾರ ಸಾಲದು. ಚಳಿಯಲ್ಲಿ ಬೆಳವಣಿಗೆ ನಿಧಾನ, ಜೀವಕೋಶಗಳ ವಿಭಜನೆ ನಿಧಾನ, ಹಾಗಾಗಿ ದೊಡ್ಡ ಜೀನೋಮ್ ಹೊರೆಯಾಗುವುದಿಲ್ಲ ಎಂಬ ವಾದವಿದೆ. ಕ್ರಿಲ್ ಅದಕ್ಕೆ ಒಪ್ಪುವಂತೆ ಕಾಣುತ್ತದೆ. ಆದರೆ ಆಳಕಡಲಿನ ಆ ಮಸೆಲ್‌ನ ಜೊತೆಗೇ, 2017ರ ಅದೇ ಅಧ್ಯಯನದಲ್ಲಿ, ಬೆಚ್ಚಗಿನ ಆಳವಿಲ್ಲದ ನೀರಿನ ಬಂಧುವಾದ ಮೊಡಿಯೋಲಸ್ ಫಿಲಿಪ್ಪಿನಾರಮ್ ಅನ್ನೂ ಓದಿದ್ದರು. ತಣ್ಣನೆಯ ಆಳದಲ್ಲಿರುವುದರ ಜೀನೋಮ್ ಸುಮಾರು 164 ಕೋಟಿ ಅಕ್ಷರ. ಬೆಚ್ಚಗಿನ ನೀರಿನಲ್ಲಿರುವುದರದು ಸುಮಾರು 238 ಕೋಟಿ, ಪುನರಾವರ್ತನೆಯೂ ಹೆಚ್ಚು, ಸುಮಾರು ಶೇ 62. ಚಳಿಯೊಂದೇ ಕಾರಣವಾಗಿದ್ದರೆ ಲೆಕ್ಕ ಹೀಗೆ ತಿರುಗುಮುರುಗಾಗುತ್ತಿರಲಿಲ್ಲ.

ಸಂಖ್ಯೆ ಕಡಿಮೆಯಿರುವ ಜೀವಿಗಳಲ್ಲಿ ನೈಸರ್ಗಿಕ ಆಯ್ಕೆ ದುರ್ಬಲ, ಆದ್ದರಿಂದ ಬೇಡದ ಡಿಎನ್‌ಎ ತುಂಬಿಕೊಳ್ಳುತ್ತದೆ ಎಂಬ ಇನ್ನೊಂದು ವಾದವೂ ಇದೆ. ಕ್ರಿಲ್‌ನಷ್ಟು ಅಪಾರ ಸಂಖ್ಯೆಯಲ್ಲಿರುವ ಪ್ರಾಣಿ ಭೂಮಿಯ ಮೇಲೆ ವಿರಳ. ಅದರ ಜೀನೋಮ್‌ಗೆ ಈ ವಾದವೂ ನೇರವಾಗಿ ಹೊಂದುವುದಿಲ್ಲ. ಒಂದೇ ಸೂತ್ರದಲ್ಲಿ ಎಲ್ಲವನ್ನೂ ಕಟ್ಟಿಹಾಕುವ ಆತುರ ಬೇಡ ಎಂಬುದು ನನ್ನ ನಿಲುವು.

ಹೆಪ್ಪುಗಟ್ಟುವ ನೀರಿನಿಂದ ಪಾರಾಗಲು ಇದು ನೆರವಾಗುತ್ತದೆಯೇ?

ಅಂಟಾರ್ಕ್‌ಟಿಕ್ ಮೀನುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಇದೆ. ಮೂರೇ ಅಮೈನೋ ಆಮ್ಲಗಳ ತುಣುಕು ಮತ್ತೆ ಮತ್ತೆ ಬಂದು ಅದರ ವಂಶವಾಹಿ ರೂಪುಗೊಂಡಿದೆ. ಈ ಉದಾಹರಣೆ ಓದಿದವರು ಚಿಪ್ಪುಜೀವಿಗಳಲ್ಲೂ ಹಾಗೆಯೇ ಇರಬೇಕೆಂದುಕೊಳ್ಳುತ್ತಾರೆ. ಮೀನಿನ ರಕ್ತ ಸಮುದ್ರದ ನೀರಿಗಿಂತ ಕಡಿಮೆ ಉಪ್ಪಿನದು, ಹಾಗಾಗಿ ಸುತ್ತಲಿನ ನೀರಿಗಿಂತ ಮೊದಲೇ ಹೆಪ್ಪುಗಟ್ಟುವ ಅಪಾಯವಿದೆ. ಕ್ಲ್ಯಾಮ್, ಮಸೆಲ್‌ಗಳ ದೇಹದ್ರವ ಸಮುದ್ರದ ನೀರಿನಷ್ಟೇ ಉಪ್ಪು. ನೀರಿನಡಿಯಲ್ಲಿ ಮುಳುಗಿರುವವರೆಗೆ ಅವುಗಳಿಗೆ ಆ ಅಪಾಯವಿಲ್ಲ. ಇಳಿತದ ವೇಳೆ ಚಳಿಗಾಳಿಗೆ ತೆರೆದುಕೊಳ್ಳುವ ದಡದ ಮಸೆಲ್‌ಗಳ ಪಾಡು ಬೇರೆ. ಅವು ಜೀವಕೋಶಗಳ ಹೊರಗಿನ ದ್ರವ ಹೆಪ್ಪುಗಟ್ಟಿದರೂ ಬದುಕಿಕೊಳ್ಳಬಲ್ಲವು.

ಇದು ‘ಕಸದ ಡಿಎನ್‌ಎ’ ಎನ್ನುತ್ತಾರಲ್ಲ?

ಆ ಮಾತನ್ನು 1972ರಲ್ಲಿ ಪ್ರಚಾರಕ್ಕೆ ತಂದವರು ಸುಸುಮು ಓನೊ. ಅದರಲ್ಲಿ ಸತ್ಯಾಂಶವಿದೆ: ಎಷ್ಟೋ ತುಣುಕುಗಳು ಮುರಿದುಬಿದ್ದು, ಜಿಗಿಯುವ ಶಕ್ತಿ ಕಳೆದುಕೊಂಡು ಸುಮ್ಮನೆ ಬಿದ್ದಿರುತ್ತವೆ. ಜೀವಿಗೆ ಅವುಗಳಿಂದ ಏನು ಪ್ರಯೋಜನ ಎಂದು ಕೇಳಿದರೆ ಬಹುಪಾಲಿಗೆ ಉತ್ತರವಿಲ್ಲ. ನನ್ನ ತಕರಾರು ಇಷ್ಟೇ: ಕಸ ಎಂದು ಹೆಸರಿಟ್ಟ ಮೇಲೆ ಯಾರೂ ಅತ್ತ ನೋಡುವುದಿಲ್ಲ. ಪ್ರಯೋಜನವಿಲ್ಲದ್ದೂ ಪರಿಣಾಮ ಬೀರಬಹುದು. ಜಿಗಿದ ತುಣುಕು ವಂಶವಾಹಿಯ ನಡುವೆ ಕುಳಿತರೆ ಅದು ಕೆಡುತ್ತದೆ. ಪಕ್ಕದಲ್ಲಿ ಕುಳಿತರೆ ಅದರ ಕೆಲಸದ ಪ್ರಮಾಣ ಬದಲಾಗಬಹುದು. ಜೀವಕೋಶಗಳು ಇದನ್ನು ಸುಮ್ಮನೆ ಬಿಟ್ಟಿಲ್ಲ. ಜಿಗಿಯುವ ತುಣುಕುಗಳನ್ನು ಹುಡುಕಿ ಬಾಯಿ ಮುಚ್ಚಿಸುವ ಪೈಆರ್‌ಎನ್‌ಎ ಎಂಬ ಚಿಕ್ಕ ಆರ್‌ಎನ್‌ಎಗಳನ್ನು ಸಾಕಿಕೊಂಡಿವೆ. ಸಸ್ತನಿಗಳಲ್ಲಿ ಈ ಕಾವಲು ಹೆಚ್ಚಾಗಿ ಬೀಜಾಂಗಗಳಲ್ಲಿದ್ದರೆ, ಮೃದ್ವಂಗಿಗಳಲ್ಲಿ ದೇಹದ ಇತರ ಅಂಗಾಂಶಗಳಲ್ಲೂ ಕಂಡುಬಂದಿದೆ.

ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ಉತ್ತರ ನೋಡಿ.

‘ಸ್ಟೀಮರ್’ ಎಂಬುದರ ಬಗ್ಗೆ ಕೇಳಿದ್ದೇವೆ. ಅದೇನು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ.

ಮಿಯಾ ಅರೆನೇರಿಯಾ ಎಂಬುದು ಮೆದು ಚಿಪ್ಪಿನ ಕ್ಲ್ಯಾಮ್. ಉತ್ತರ ಅಮೆರಿಕದ ಪೂರ್ವ ತೀರದ ಕೆಸರಿನಲ್ಲಿ ಹೂತುಕೊಂಡು, ಉದ್ದನೆಯ ಕೊಳವೆಯನ್ನು ಮೇಲಕ್ಕೆ ಚಾಚಿ, ಕಡಲ ನೀರನ್ನು ಸೋಸಿ ತಿನ್ನುತ್ತದೆ. ಹಬೆಯಲ್ಲಿ ಬೇಯಿಸಿ ತಿನ್ನುವುದರಿಂದ ಅಲ್ಲಿನವರು ಅದನ್ನು ಸ್ಟೀಮರ್ ಎಂದೇ ಕರೆಯುತ್ತಾರೆ. 1970ರ ದಶಕದಿಂದ ಈ ಕ್ಲ್ಯಾಮ್‌ಗಳಲ್ಲಿ ರಕ್ತದ ಕ್ಯಾನ್ಸರಿನಂಥ ಮಾರಕ ರೋಗ ಕಾಣಿಸಿಕೊಂಡಿತ್ತು. ಪತ್ತೆ ಮಾಡುವ ಕ್ರಮ ಸರಳ: ಸೂಜಿಯಿಂದ ಒಂದಿಷ್ಟು ದೇಹದ್ರವ ತೆಗೆದು ತಟ್ಟೆಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡುವುದು. ಆರೋಗ್ಯವಂತ ಕ್ಲ್ಯಾಮ್‌ನ ರಕ್ತಕೋಶಗಳು ತಟ್ಟೆಗೆ ಅಂಟಿಕೊಂಡು ಕೈಕಾಲು ಚಾಚಿದಂತೆ ಹರಡಿಕೊಳ್ಳುತ್ತವೆ. ರೋಗದ ಕೋಶಗಳು ಎಲ್ಲಿಗೂ ಅಂಟದೆ ಗುಂಡಗೆ ತೇಲುತ್ತಿರುತ್ತವೆ.

ರೋಗಿಷ್ಠ ಕ್ಲ್ಯಾಮ್‌ಗಳಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ ಚಟುವಟಿಕೆ ಕಂಡದ್ದರಿಂದ ಯಾವುದೋ ರೆಟ್ರೋವೈರಸ್ (ಅದೇ ಕಿಣ್ವ ಬಳಸಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವ ವೈರಸ್) ಇರಬೇಕೆಂದು ಬಹುಕಾಲ ಅನುಮಾನವಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಗಾಫ್ ಅವರ ಪ್ರಯೋಗಾಲಯ ಹುಡುಕಿದಾಗ ಸಿಕ್ಕಿದ್ದು ವೈರಸ್ ಅಲ್ಲ, ಸುಮಾರು ಐದು ಸಾವಿರ ಅಕ್ಷರಗಳ ಒಂದು ರೆಟ್ರೋಟ್ರಾನ್ಸ್‌ಪೋಸಾನ್. ಅದಕ್ಕೂ ಸ್ಟೀಮರ್ ಎಂದು ಹೆಸರಿಟ್ಟರು. 2014ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಆರೋಗ್ಯವಂತ ಕ್ಲ್ಯಾಮ್‌ನಲ್ಲಿ ಇದರ ಎರಡರಿಂದ ಹತ್ತು ಪ್ರತಿಗಳು. ಕ್ಯಾನ್ಸರ್ ಕೋಶದಲ್ಲಿ ನೂರೈವತ್ತರಿಂದ ಮುನ್ನೂರು.

ತುಣುಕು ಹದ್ದುಮೀರಿ ಜಿಗಿದದ್ದು ಸ್ಪಷ್ಟವಾಯಿತು. ನಿಜವಾದ ತಿರುವು ಬಂದದ್ದು ಅವು ಎಲ್ಲೆಲ್ಲಿ ಕುಳಿತಿವೆ ಎಂದು ನೋಡಿದಾಗ. ಪ್ರತಿ ಕ್ಲ್ಯಾಮ್‌ನಲ್ಲೂ ಕ್ಯಾನ್ಸರ್ ಹೊಸದಾಗಿ ಹುಟ್ಟಿದ್ದರೆ ಸ್ಟೀಮರ್ ಪ್ರತಿಯೊಂದರಲ್ಲೂ ಬೇರೆ ಬೇರೆ ಜಾಗದಲ್ಲಿ ಇರಬೇಕಿತ್ತು. ನ್ಯೂಯಾರ್ಕ್, ಮೇನ್, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪ ಇವು ಒಂದರಿಂದ ಒಂದು ನೂರಾರು ಕಿಲೋಮೀಟರ್ ದೂರ. ಅಲ್ಲಿನ ರೋಗಿಷ್ಠ ಕ್ಲ್ಯಾಮ್‌ಗಳಲ್ಲಿ ಸ್ಟೀಮರ್ ಅವೇ ಜಾಗಗಳಲ್ಲಿ ಕುಳಿತಿತ್ತು. ಅದೇ ಕ್ಲ್ಯಾಮ್‌ಗಳ ಆರೋಗ್ಯವಂತ ಅಂಗಾಂಶದಲ್ಲಿ ಆ ಜಾಗಗಳು ಖಾಲಿ. ಮೈಕ್ರೋಸ್ಯಾಟಲೈಟ್‌ಗಳನ್ನೂ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಹೋಲಿಸಿದರು. ಅಲ್ಲಿಯೂ ಅದೇ ಸಾಕ್ಷ್ಯ: ಕ್ಯಾನ್ಸರ್ ಕೋಶಗಳು ಆ ಕ್ಲ್ಯಾಮ್‌ನವೇ ಅಲ್ಲ. ಎಂದೋ ಒಂದು ಕ್ಲ್ಯಾಮ್‌ನಲ್ಲಿ ಹುಟ್ಟಿದ ಕ್ಯಾನ್ಸರ್, ಆ ಕ್ಲ್ಯಾಮ್ ಸತ್ತ ಮೇಲೂ ನೀರಿನ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಬದುಕಿಕೊಂಡಿದೆ. ಮೈಕೆಲ್ ಮೆಟ್ಜ್‌ಗರ್ ಮತ್ತು ಸಂಗಡಿಗರು ಇದನ್ನು 2015ರಲ್ಲಿ ಪ್ರಕಟಿಸಿದರು. 2023ರ ಇನ್ನೊಂದು ಅಧ್ಯಯನ ಈ ಕ್ಯಾನ್ಸರಿನ ಇಡೀ ಜೀನೋಮ್ ಓದಿ, ಅದರ ವಯಸ್ಸು ಇನ್ನೂರು ವರ್ಷಗಳಿಗೂ ಹೆಚ್ಚು ಎಂದು ಅಂದಾಜಿಸಿದೆ.

ತಂಪಿಗೂ ಇದಕ್ಕೂ ನಂಟಿದೆ. ಪ್ರಯೋಗಾಲಯದಲ್ಲಿ ಈ ಕ್ಯಾನ್ಸರ್ ಕೋಶಗಳು 4 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರಿನಲ್ಲಿ ವಾರಗಟ್ಟಲೆ ಬದುಕಿದವು. ನೀರು ಬೆಚ್ಚಗಾದಷ್ಟೂ ಬೇಗ ಸತ್ತವು.

ಪುನರಾವರ್ತಿತ ಭಾಗವನ್ನು ಕಸವೆಂದು ಮುಚ್ಚಿಟ್ಟು ವಂಶವಾಹಿಗಳನ್ನಷ್ಟೇ ನೋಡಿದ್ದರೆ ಈ ಜಾಡು ಸಿಗುತ್ತಿತ್ತೇ ಎಂಬ ಪ್ರಶ್ನೆಯನ್ನು ಓದುಗರ ಮುಂದಿಡುತ್ತೇನೆ.

ಹಾಗಾದರೆ ಆ ಕ್ಲ್ಯಾಮ್ ತಿಂದರೆ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಯೇ?

ಇಲ್ಲ. ಈ ಕೋಶಗಳು ಮನುಷ್ಯರಿಗೆ ಸೋಂಕಿದ ನಿದರ್ಶನವಿಲ್ಲ. ಚಿಪ್ಪುಜೀವಿಗಳೊಳಗೆ ಮಾತ್ರ ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟಿದ್ದುಂಟು: ಸ್ಪೇನಿನ ತೀರದಲ್ಲಿ ಒಂದು ಜಾತಿಯ ಕ್ಲ್ಯಾಮ್‌ನ ಕ್ಯಾನ್ಸರ್ ಇನ್ನೊಂದು ಜಾತಿಯಲ್ಲಿ ಸಿಕ್ಕಿದೆ.

ಹರಡುವ ಕ್ಯಾನ್ಸರ್ ನಮಗೆ ದೂರದ ಸಂಗತಿಯಲ್ಲ. ನಾಯಿಗಳ ಜನನಾಂಗದಲ್ಲಿ ಕಾಣುವ ಹರಡುವ ಗೆಡ್ಡೆಯನ್ನು ಭಾರತದ ಪಶುವೈದ್ಯರು ಬೀದಿನಾಯಿಗಳಲ್ಲಿ ಆಗಾಗ ಕಾಣುತ್ತಾರೆ. ಅಲ್ಲಿಯೂ ಪತ್ತೆಗೆ ಬಳಸುವ ಗುರುತುಗಳಲ್ಲಿ ಒಂದು ಜಿಗಿಯುವ ತುಣುಕೇ: ಮಿಕ್ ಎಂಬ ವಂಶವಾಹಿಯ ಪಕ್ಕದಲ್ಲಿ ಬಂದು ಕುಳಿತ ಲೈನ್-1.

ಸ್ಟೀಮರ್ ಎಲ್ಲಿಂದ ಬಂತು?

ಅದರಂಥ ತುಣುಕುಗಳು ಇನ್ನೂ ಹಲವು ಎರಡು ಚಿಪ್ಪಿನ ಜೀವಿಗಳಲ್ಲಿವೆ. ತಾಯಿತಂದೆಯಿಂದ ಮಕ್ಕಳಿಗೆ ಮಾತ್ರ ಬಂದಿದ್ದರೆ ತುಣುಕುಗಳ ವಂಶವೃಕ್ಷ ಜೀವಿಗಳ ವಂಶವೃಕ್ಷದಂತೆಯೇ ಇರಬೇಕು. ಇಲ್ಲಿ ಹಾಗಿಲ್ಲ. ದೂರದ ಸಂಬಂಧಿಗಳಲ್ಲಿ ತುಂಬ ಹೋಲುವ ತುಣುಕುಗಳಿವೆ. ಹವಳ, ಕಡಲಮುಳ್ಳಿ, ಮೀನಿನಂಥ ಬೇರೆಯೇ ವರ್ಗಗಳಲ್ಲೂ ಇದರ ಬಂಧುಗಳು ಸಿಕ್ಕಿವೆ. ಅಂದರೆ ಇವು ಪ್ರಭೇದಗಳ ನಡುವೆ ಅಡ್ಡದಾರಿಯಲ್ಲಿ ದಾಟಿವೆ. ದಿನವಿಡೀ ಕಡಲ ನೀರನ್ನು ಸೋಸುವ ಪ್ರಾಣಿಗೆ ಪರಕೀಯ ಡಿಎನ್‌ಎಯ ಸಂಪರ್ಕ ಹೆಚ್ಚು ಎಂಬುದನ್ನು ಇಲ್ಲಿ ನೆನಪಿಡಬೇಕು.

ದೀರ್ಘಾಯುಸ್ಸಿಗೂ ಪುನರಾವರ್ತಿತ ಡಿಎನ್‌ಎಗೂ ಸಂಬಂಧವಿದೆಯೇ?

ವರ್ಣತಂತುಗಳ ತುದಿಯಲ್ಲಿರುವ ಟೆಲೋಮಿಯರ್ ಕೂಡ ಪುನರಾವರ್ತಿತ ಡಿಎನ್‌ಎಯೇ. ಎರಡು ಚಿಪ್ಪಿನ ಜೀವಿಗಳಲ್ಲೂ ಮನುಷ್ಯರಲ್ಲೂ ಅದರ ತುಣುಕು ಒಂದೇ: ಟಿಟಿಎಜಿಜಿಜಿ. ನಮ್ಮಲ್ಲಿ ವಯಸ್ಸಾದಂತೆ ಇದು ಸವೆಯುತ್ತದೆ. 2006ರಲ್ಲಿ ಐಸ್‌ಲ್ಯಾಂಡ್ ಬಳಿ ಹಿಡಿದ ಆರ್ಕ್‌ಟಿಕಾ ಐಲ್ಯಾಂಡಿಕಾ ಎಂಬ ಕ್ಲ್ಯಾಮ್‌ನ ಚಿಪ್ಪಿನ ಗೆರೆಗಳನ್ನು ಎಣಿಸಿದಾಗ ಅದರ ವಯಸ್ಸು 507 ವರ್ಷ ಎಂದು ತಿಳಿಯಿತು. ಈ ಪ್ರಭೇದದ ಎಳೆಯ ಮತ್ತು ಮುದಿ ಪ್ರಾಣಿಗಳ ಟೆಲೋಮಿಯರ್ ಅಳೆದು ನೋಡಿದವರಿಗೆ ವಯಸ್ಸಿನೊಂದಿಗೆ ಅದರ ಉದ್ದ ಕುಗ್ಗುವುದು ಕಾಣಲಿಲ್ಲ.

ಈ ಭಾಗವನ್ನು ಓದುವುದು ಅಷ್ಟು ಕಷ್ಟವೇಕೆ?

ಯಂತ್ರಗಳು ಜೀನೋಮ್ ಅನ್ನು ಉದ್ದಕ್ಕೆ ಓದುವುದಿಲ್ಲ. ಚೂರುಚೂರಾಗಿ ಓದಿ, ಚೂರುಗಳ ಅಂಚು ಹೊಂದಿಸಿ ಜೋಡಿಸಬೇಕು. ದಾಸರ ಪದವೊಂದನ್ನು ಪ್ರತಿ ಚರಣದ ಕೊನೆಗೂ ಪಲ್ಲವಿ ಪೂರ್ತಿ ಬರೆದು, ಕಾಗದವನ್ನು ಹರಿದು ಹಾಕಿ ಮತ್ತೆ ಜೋಡಿಸಲು ಕುಳಿತರೆ ಚರಣಗಳ ಚೂರುಗಳಿಗೆ ಜಾಗ ಸಿಗುತ್ತದೆ. ಪಲ್ಲವಿಯ ಚೂರು ಯಾವ ಚರಣದ ಹಿಂದಿನದು ಎಂದು ಹೇಳಲಾಗದು. ನೂರೈವತ್ತು ಅಕ್ಷರಗಳ ಚೂರಿನಿಂದ ಐದು ಸಾವಿರ ಅಕ್ಷರಗಳ ಸ್ಟೀಮರ್ ಅನ್ನು ದಾಟಲಾಗುವುದಿಲ್ಲ. ಹದಿನೈದು-ಇಪ್ಪತ್ತು ಸಾವಿರ ಅಕ್ಷರಗಳನ್ನು ಒಮ್ಮೆಗೆ, ತಪ್ಪಿಲ್ಲದೆ ಓದುವ ಯಂತ್ರಗಳು ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ.

ಚಿಪ್ಪುಜೀವಿಗಳಲ್ಲಿ ಇನ್ನೂ ಎರಡು ತೊಡಕುಗಳಿವೆ. ಒಂದು ಲೋಳೆ. ಮೃದ್ವಂಗಿಗಳ ಅಂಗಾಂಶದಲ್ಲಿ ಲೋಳೆಯ ಸಕ್ಕರೆ ಅಣುಗಳು ವಿಪರೀತ. ಡಿಎನ್‌ಎ ಬೇರ್ಪಡಿಸಲು ಆಲ್ಕೋಹಾಲ್ ಹಾಕಿದರೆ ಅವೂ ಜೊತೆಗೇ ತಳಕ್ಕಿಳಿಯುತ್ತವೆ, ಮುಂದಿನ ಕಿಣ್ವಗಳ ಕೆಲಸ ಕೆಡಿಸುತ್ತವೆ. ಸಸ್ಯಗಳ ಡಿಎನ್‌ಎ ತೆಗೆಯಲು ಬಳಸುವ ಸಿಟಿಎಬಿ ಎಂಬ ಮಾರ್ಜಕವನ್ನು ಇಲ್ಲಿಯೂ ಬಳಸುವುದು ಅದಕ್ಕಾಗಿಯೇ. ಎರಡನೆಯದು, ತಾಯಿಯಿಂದ ಬಂದ ಪ್ರತಿಗೂ ತಂದೆಯಿಂದ ಬಂದ ಪ್ರತಿಗೂ ಇರುವ ಅಂತರ. ಅದು ಎಷ್ಟು ಹೆಚ್ಚೆಂದರೆ ತಂತ್ರಾಂಶ ಒಂದೇ ಜಾಗದ ಎರಡು ಪ್ರತಿಗಳನ್ನು ಎರಡು ಬೇರೆ ಜಾಗಗಳೆಂದು ಬಗೆದು ಇಲ್ಲದ ಪುನರಾವರ್ತನೆಯನ್ನು ಸೃಷ್ಟಿಸುತ್ತದೆ. ಈ ತಪ್ಪನ್ನು ತೊಳೆದು ತೆಗೆಯದ ಜೀನೋಮ್‌ನ ಅಂಕಿಗಳನ್ನು ನಂಬಬೇಡಿ.

ಮೈಕ್ರೋಸ್ಯಾಟಲೈಟ್‌ಗಳಿಂದ ಸಾಕಣೆದಾರರಿಗೆ ಏನು ಉಪಯೋಗ?

ಯಾವ ಮರಿ ಯಾವ ತಾಯಿಯದು, ಎರಡು ಕೊಲ್ಲಿಗಳ ಸಂತತಿ ಬೆರೆಯುತ್ತಿದೆಯೇ ಎಂದು ತಿಳಿಯಲು ಇವು ಒಳ್ಳೆಯ ಗುರುತುಗಳು. ಆದರೆ ಮೃದ್ವಂಗಿಗಳಲ್ಲಿ ಹಲವು ಮೈಕ್ರೋಸ್ಯಾಟಲೈಟ್‌ಗಳ ಅಕ್ಕಪಕ್ಕದ ಭಾಗ ಜಿಗಿಯುವ ತುಣುಕುಗಳಿಗೆ ಸೇರಿದ್ದು; ಒಂದೇ ಜಾಗ ಹಿಡಿಯಲು ಹೋದರೆ ಹತ್ತಾರು ಜಾಗಗಳು ಕೈಗೆ ಬರುತ್ತವೆ. ಅಕ್ಕಪಕ್ಕದ ಅಕ್ಷರಗಳು ಪ್ರಾಣಿಯಿಂದ ಪ್ರಾಣಿಗೆ ಬದಲಾಗುವುದರಿಂದ ಕೆಲವು ಪ್ರತಿಗಳು ಪರೀಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಅಂಥ ಕಡೆ ಒಳಸಂತಾನ ಹೆಚ್ಚಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ.

ನಮ್ಮ ಕರಾವಳಿಯ ಚಿಪ್ಪುಜೀವಿಗಳ ಜೀನೋಮ್ ಓದಿದ್ದಾರೆಯೇ?

ದಕ್ಷಿಣ ಕನ್ನಡ, ಉಡುಪಿಯಲ್ಲಿ ಪಚ್ಚಿಲೆ ಎನ್ನುವ ಹಸಿರು ಮಸೆಲ್‌ನದನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಓದಿ 2023ರಲ್ಲಿ ಪ್ರಕಟಿಸಿದೆ. ಸುಮಾರು 72 ಕೋಟಿ ಅಕ್ಷರಗಳು, 15 ಜೋಡಿ ವರ್ಣತಂತುಗಳು. ಬೆಚ್ಚಗಿನ ನೀರಿನ ಈ ಜೀವಿಯನ್ನು ತಂಪು ಕಡಲಿನ ಮಸೆಲ್‌ಗಳ ಪಕ್ಕದಲ್ಲಿಟ್ಟು ನೋಡಲು ಈಗ ನಮ್ಮದೇ ದತ್ತಾಂಶವಿದೆ ಎಂಬುದು ಸಂತೋಷದ ಸಂಗತಿ.

ನಾನು ವಿದ್ಯಾರ್ಥಿ. ಸ್ವಂತವಾಗಿ ಏನಾದರೂ ಮಾಡಿ ನೋಡಬಹುದೇ?

ಖಂಡಿತ. ಹಲವು ಚಿಪ್ಪುಜೀವಿಗಳ ಜೀನೋಮ್‌ಗಳು ಅಮೆರಿಕದ ಎನ್‌ಸಿಬಿಐ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಪುನರಾವರ್ತನೆ ಹುಡುಕುವ ರಿಪೀಟ್‌ಮಾಡೆಲರ್, ರಿಪೀಟ್‌ಮಾಸ್ಕರ್ ತಂತ್ರಾಂಶಗಳೂ ಉಚಿತ. ಸಿಂಪಿಯಂಥ ಚಿಕ್ಕ ಜೀನೋಮ್‌ನಿಂದ ಆರಂಭಿಸಿ. ಗೊತ್ತಿರುವ ತುಣುಕುಗಳ ಸಿದ್ಧ ಪಟ್ಟಿಯನ್ನಷ್ಟೇ ನೆಚ್ಚಿಕೊಂಡರೆ ಮೃದ್ವಂಗಿಗಳಲ್ಲಿ ಬಹಳಷ್ಟು ತಪ್ಪಿಹೋಗುತ್ತದೆ. ಮೊದಲು ಆ ಜೀನೋಮ್‌ನಿಂದಲೇ ಹೊಸ ಪಟ್ಟಿ ಕಟ್ಟಿಕೊಳ್ಳಿ. ಕಟ್ಟಿದ ಪಟ್ಟಿಯನ್ನು ಹಾಗೆಯೇ ಬಳಸಬೇಡಿ. ಹಲವು ಪ್ರತಿಗಳಿರುವ ನಿಜವಾದ ವಂಶವಾಹಿಗಳೂ ಪುನರಾವರ್ತನೆಯೆಂದು ಅದರಲ್ಲಿ ಸೇರಿಕೊಂಡಿರುತ್ತವೆ. ಪೆಸಿಫಿಕ್ ಸಿಂಪಿಯಲ್ಲಿ ಬಿಸಿಲಿನ ತಾಪ ತಡೆದುಕೊಳ್ಳಲು ನೆರವಾಗುವ ಎಚ್‌ಎಸ್‌ಪಿ70 ವಂಶವಾಹಿಗಳೇ 88 ಇವೆ. ಪಟ್ಟಿಯ ಒಂದೊಂದು ತುಣುಕನ್ನೂ ಗೊತ್ತಿರುವ ಪ್ರೋಟೀನ್‌ಗಳೊಂದಿಗೆ ಹೋಲಿಸಿ, ಅಂಥವನ್ನು ಹೊರಗಿಟ್ಟ ಮೇಲೆ ಎಣಿಕೆಗೆ ಇಳಿಯಿರಿ.